ಹೋಲ್ಡಾನ್

ದೇವರಬೀಸನಹಳ್ಳಿಗೂ ಕಾಡುಬೀಸನಹಳ್ಳಿಗೂ ನಡುವೆ
ದೇವರಿಲ್ಲ, ಕಾಡಿಲ್ಲ,
ಹಳ್ಳಿಯ ಮಾತು ಬಿಡಿ.
ಇರುವುದು ನಮ್ಮ ಬಸ್ಸು,
ಅದರ ಮುಂದೆ ಇನ್ನೊಂದು ಬಸ್ಸು,
ಅದರ ಬೆನ್ನ ಮೇಲೆ ಮಂಡಿನೋವಿನ ಎಣ್ಣೆಯ ಜಾಹೀರಾತು.
ಮುಕ್ಕಾಲು ಗಂಟೆಯಿಂದ ಅದನ್ನೇ ಓದುತ್ತಿದ್ದೇನೆ.
ಈಗ ನನ್ನ ಮಂಡಿಯೂ ನೋಯುತ್ತಿದೆ.

ಹೋಲ್ಡಾನ್ ಅನ್ನುವುದು ನನ್ನ ಕೆಲಸ.
ನಾನು ಅನ್ನದೆಯೇ ಊರೆಲ್ಲ ನಿಂತಿದೆ.

ಟಿಕೆಟ್ ಎಲ್ಲ ಹರಿದಾಯ್ತು.
ಹೆಂಗಸರಿಗೆ ಸೊನ್ನೆ ರೂಪಾಯಿಯ ಚೀಟಿ,
ಗಂಡಸರಿಗೆ ಚಿಲ್ಲರೆಯ ಜಗಳ.
ಸ್ಟೇಜಿಗಿಷ್ಟು ಅಂತ ದೂರಕ್ಕೆ ದರವಿದೆ,
ನಿಂತದ್ದಕ್ಕೆ ಎಷ್ಟು ಅಂತ ಯಾವ ಡಿಪೋದಲ್ಲೂ ಬರೆದಿಲ್ಲ.
ಬರೆದಿದ್ದರೆ
ಇವತ್ತು ನನ್ನ ಚೀಲ ಹೊರಲು ಇಬ್ಬರು ಬೇಕಿತ್ತು.

ಡ್ರೈವರ್ ಚೌಡಪ್ಪನವರು ಇಂಜಿನ್ ಆರಿಸಿದರು.
ಆಗ ಕೇಳಿಸಿತು, ಬಸ್ಸಿನ ತುಂಬ ಫೋನುಗಳಲ್ಲಿ:
"ಮಾರತ್ತಹಳ್ಳಿ ದಾಟಿದೆ."
"ಐದೇ ನಿಮಿಷ ಕಣೆ, ಕುಕ್ಕರ್ ಇಡು."
"ಸಾರ್, ಲಿಫ್ಟ್ ಹತ್ರಾನೇ ಇದೀನಿ."
ಯಾರೂ ಯಾರನ್ನೂ ತಿರುಗಿ ನೋಡಲಿಲ್ಲ.
ಒಂದೇ ಬಸ್ಸಿನಲ್ಲಿ ಕೂತು
ಬೇರೆ ಬೇರೆ ಕಡೆ ತಲುಪಿಬಿಟ್ಟವರು.
ಕಿಟಕಿಯ ಹುಡುಗ ಮಾತ್ರ ನಿಜ ಹೇಳುತ್ತಿದ್ದ:
ಹದಿನೇಳೆಂಟ್ಲೆ ನೂರಾ ಮೂವತ್ತಾರು,
ಹದಿನೇಳೊಂಬತ್ಲೆ...
ಅಲ್ಲಿ ಅವನೂ ನಿಂತ.

ನನ್ನ ಅವಸರ ಬೇರೆ.
ಹೇಳಲು ನಾಚಿಕೆಯೇನಿಲ್ಲ,
ಬೆಳಿಗ್ಗೆಯಿಂದ ನೀರನ್ನು
ಔಷಧದ ಮುಚ್ಚಳದಲ್ಲಿ ಅಳೆದಂತೆ ಕುಡಿಯುತ್ತೇನೆ.
ಆದರೂ ಮೈಗೆ ಸಿಗ್ನಲ್ ಅರ್ಥವಾಗುವುದಿಲ್ಲ.
ಗಂಡಸಿಗೆ ಯಾವ ಗೋಡೆಯಾದರೂ ಆದೀತು,
ನನಗೆ ಬಾಗಿಲು ಬೇಕು,
ಬಾಗಿಲಿಗೊಂದು ಚಿಲಕ.

"ಚೌಡಪ್ಪಣ್ಣ, ಇಳೀತೀನಿ."
ಯಾಕೆ ಅಂತ ಕೇಳಲಿಲ್ಲ. ಮೂವರು ಅಕ್ಕಂದಿರ ತಮ್ಮ.
"ಹೋಗ್ಬಾ ತಾಯಿ, ನಾವೆಲ್ಲಿಗೆ ಹೋಗ್ತೀವಿ?"

ಫುಟ್‌ಪಾತಿನ ತುಂಬ ಬೈಕುಗಳು,
ಹಾಗಾಗಿ ರಸ್ತೆಯಲ್ಲೇ ನಡೆದೆ.
ಒಂದು ಕಾರಿನೊಳಗೆ ಒಬ್ಬಾತ
ಕನ್ನಡಿ ಬಗ್ಗಿಸಿಕೊಂಡು ಮೀಸೆಯ ಬಿಳಿಗೂದಲು ಕೀಳುತ್ತಿದ್ದ.
ನೀರಿನ ಟ್ಯಾಂಕರೊಂದು ನನ್ನನ್ನೇ ಅಣಕಿಸುವ ಹಾಗೆ
ಹಿಂಬದಿಯಿಂದ ತೊಟ್ಟಿಕ್ಕುತ್ತಿತ್ತು.
ಕೂಗಿ ಕೂಗಿ ದನಿ ಬಿದ್ದ ಆಂಬುಲೆನ್ಸ್.
ಒಳಗೆ ಯಾರೋ, ಯಾರ ಮನೆಯವರೋ.
ಸೀಟಿ ತೆಗೆದು ಊದಿದೆ, ಕೈ ಬೀಸಿದೆ,
ಒಂದು ಆಟೊ ಅರ್ಧ ಗೇಣು ಸರಿಯಿತು.
ಅಷ್ಟೇ.
ಅದಕ್ಕೆ ಬೆನ್ನು ಹಾಕಿ ಮುಂದೆ ನಡೆದೆ.
ಇದನ್ನೂ ಹೇಳಬೇಕು.

ಪೆಟ್ರೋಲ್ ಬಂಕಿನ ಹಿಂದೆ ಬಾಗಿಲಿತ್ತು, ಬೀಗವೂ ಇತ್ತು.
ಬೀಗದ ಕೈ ಇದ್ದವನು ನನ್ನ ಖಾಕಿ ನೋಡಿದ, ಮುಖ ನೋಡಿದ,
ಮಾತಿಲ್ಲದೆ ಕೊಟ್ಟ.
ಅವನ ಅಂಗಿಯ ಮೇಲೆ ಹೆಸರಿತ್ತು: ಇರುದಯರಾಜ್.
ಈ ಪದ್ಯದಲ್ಲೂ ಇರಲಿ.

ಹೊರಗೆ ಬಂದಾಗ ಲೋಕ ಹಗುರಾಗಿತ್ತು.
ಹಿಂದೆ ತಿರುಗಿದರೆ ಬಸ್ಸು ಅಲ್ಲೇ,
ಮುಂದೆ ನೋಡಿದರೆ ಕಾಡುಬೀಸನಹಳ್ಳಿ ಸ್ಟಾಪು.
ಹನ್ನೊಂದು ವರ್ಷದ ಸರ್ವೀಸಿನಲ್ಲಿ ಮೊದಲ ಸಲ
ನನ್ನ ಬಸ್ಸಿಗಿಂತ ಮೊದಲು ಸ್ಟಾಪಿಗೆ ಬಂದು
ನನ್ನ ಬಸ್ಸಿಗೇ ಕಾದೆ.

ಸ್ಟಾಪಿನಲ್ಲಿ ಒಬ್ಬ ಮುದುಕಿ,
ಹಳೇ ಟವೆಲಿನಲ್ಲಿ ಸುತ್ತಿದ ಮಿಕ್ಸಿ ಜಾರು,
ರಿಪೇರಿಗೆ ಕೊಟ್ಟು ತಂದದ್ದೋ, ಕೊಡಲು ಹೊರಟದ್ದೋ.
"ಹೆಬ್ಬಾಳದ ಬಸ್ ಎಷ್ಟೊತ್ತಿಗಮ್ಮಾ?"
ನಾನು ಬಸ್ಸಿನ ಕಡೆ ನೋಡಿದೆ.
ಇಲ್ಲಿಂದಲೇ ಕಾಣುತ್ತಿತ್ತು, ಹಣೆಯ ಮೇಲಿನ ನಂಬರು ಸಮೇತ.
"ಬರ್ತಾ ಇದೆ ಅಜ್ಜಿ," ಅಂದೆ, "ಐದೇ ನಿಮಿಷ."

ಅಜ್ಜಿ ನಂಬಲಿಲ್ಲ.
ಜಾರನ್ನು ಮಡಿಲಿಗೆಳೆದುಕೊಂಡು
"ನಿಂತೂ ನಿಂತೂ ಸಾಕಾಗಿರ್ತದೆ, ಕೂತ್ಕೋ" ಅಂತ
ಜಾಗ ಬಿಟ್ಟಳು.

ಕೂತೆ.
ದೂರದಲ್ಲಿ ಚೌಡಪ್ಪನವರು ಇಂಜಿನ್ ಸ್ಟಾರ್ಟ್ ಮಾಡಿದ್ದು ಕೇಳಿಸಿತು.
ಮತ್ತೆ ಆರಿಸಿದ್ದೂ.